ಮಂಗನ ಕಾಯಿಲೆಯಲ್ಲಿ ರಕ್ತಸ್ರಾವ: ಯಾರಿಗೆ, ಏಕೆ, ಯಾವಾಗ?

ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ ಮಲೆನಾಡಿನ ಜಿಲ್ಲೆಗಳಿಂದ ಮಂಗನ ಕಾಯಿಲೆಯ ಸುದ್ದಿಗಳು ಬರತೊಡಗುತ್ತವೆ. 2024ರ ಆರಂಭದಲ್ಲಿ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಾವುಗಳು ವರದಿಯಾದಾಗ ಓದುಗರ ಮುಂದೆ ಒಂದಕ್ಕೊಂದು ಹೊಂದದಂತೆ ಕಾಣುವ ಎರಡು ಮಾತುಗಳಿದ್ದವು. ಇದು ರಕ್ತಸ್ರಾವದ ಜ್ವರಗಳ ಗುಂಪಿಗೆ ಸೇರಿದ ಕಾಯಿಲೆ ಎಂಬುದು ಒಂದು. ಬಹುಪಾಲು ರೋಗಿಗಳು ಗುಣವಾಗಿ ಮನೆಗೆ ಮರಳುತ್ತಾರೆ ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡವರು ಸೋಂಕು ತಗುಲಿದ ಪ್ರತಿಯೊಬ್ಬರಿಗೂ ಮೂಗು, ಬಾಯಿಯಿಂದ ರಕ್ತ ಸುರಿಯುತ್ತದೆಂದು ಹೆದರುತ್ತಾರೆ. ಎರಡನೆಯದನ್ನು ಮಾತ್ರ ನಂಬಿದವರು, ಒಳಗೆ ರಕ್ತ ಸೋರುತ್ತಿರುವುದರ ಸೂಚನೆಯಾಗಿ ಮಲ ಕಪ್ಪಗಾದರೂ ಮನೆಯಲ್ಲೇ ಎರಡು ದಿನ ಕಳೆಯುತ್ತಾರೆ. ಈ ಎರಡನೆಯ ತಪ್ಪೇ ಹೆಚ್ಚು ದುಬಾರಿ. ರಕ್ತಸ್ರಾವ ಯಾರಲ್ಲಿ ಆಗುತ್ತದೆ, ಯಾವ ಕಾರಣದಿಂದ ಆಗುತ್ತದೆ, ಅದನ್ನು ಎದುರಿಸುವ ರೀತಿಯ ಬಗ್ಗೆ ವೈದ್ಯರಲ್ಲೇ ಇರುವ ಭಿನ್ನಾಭಿಪ್ರಾಯವೇನು ಎಂಬುದನ್ನು ಬಿಡಿಸಿ ನೋಡುವ ಅಗತ್ಯ ಇರುವುದು ಇದಕ್ಕಾಗಿಯೇ.

ಕಾಯಿಲೆಯ ಹಿನ್ನೆಲೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲುಸಾಲಾಗಿ ಸತ್ತು ಬೀಳುತ್ತಿದ್ದಾಗ, ಅದೇ ಹೊತ್ತಿಗೆ ಹಳ್ಳಿಗರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಾಗ, 1957ರಲ್ಲಿ ಈ ವೈರಸ್ ಪತ್ತೆಯಾಯಿತು. ಈಗ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿರುವ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದನ್ನು ಗುರುತಿಸಿದರು. ಮಂಗಗಳ ಸಾವನ್ನು ಕಂಡು ಮೊದಲಿಗೆ ಹಳದಿ ಜ್ವರದ ಶಂಕೆ ಮೂಡಿತ್ತು. ಕೊನೆಗೆ ಸಿಕ್ಕಿದ್ದು ಸೊಳ್ಳೆಯಿಂದಲ್ಲ, ಕಾಡಿನ ಉಣುಗುಗಳಿಂದ ಹರಡುವ ಹೊಸ ವೈರಸ್. ಮುಸುವ ಮತ್ತು ಕೆಂಪು ಮೂತಿಯ ಮಂಗಗಳು ಇದಕ್ಕೆ ಬಹಳ ಬೇಗ ತುತ್ತಾಗುತ್ತವೆ. ಸತ್ತ ಮಂಗದ ಮೈಯಿಂದ ಕೆಳಗಿಳಿಯುವ ಉಣುಗುಗಳು ಆ ಜಾಗವನ್ನೇ ಸೋಂಕಿನ ತಾಣವಾಗಿಸುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಬಲಿತ ಉಣುಗಲ್ಲ, ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಮಳೆಗಾಲ ಮುಗಿದ ಮೇಲೆ ತರಗೆಲೆಗಳ ನಡುವೆ ಇವುಗಳ ಸಂಖ್ಯೆ ಏರುವುದರಿಂದ ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳೇ ಕಾಯಿಲೆಯ ಕಾಲ. ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗುವವರೇ ಮೊದಲು ಬಲಿಯಾಗುತ್ತಾರೆ.

ವರ್ಷಕ್ಕೆ ಸುಮಾರು 400ರಿಂದ 500 ಮಂದಿಗೆ ಸೋಂಕು ತಗುಲುತ್ತದೆ ಎಂಬುದು ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಅಂದಾಜು. ಅವರಲ್ಲಿ ಸಾಯುವವರ ಪ್ರಮಾಣ ಶೇ 3ರಿಂದ 5. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಜ್ವರ, ಹಣೆಯ ಭಾಗದಲ್ಲಿ ತೀವ್ರ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಹಾಸಿಗೆ ಹಿಡಿಸುವಂಥ ನೋವು ಒಮ್ಮೆಲೇ ಬರುತ್ತವೆ. ಕಣ್ಣು ಕೆಂಪಾಗುತ್ತದೆ. ಮೂರು ನಾಲ್ಕು ದಿನಗಳ ಬಳಿಕ ವಾಂತಿ, ಭೇದಿ ಶುರುವಾಗುತ್ತವೆ. ರಕ್ತಸ್ರಾವ ಆಗುವುದಿದ್ದರೆ ಅದು ತಲೆದೋರುವುದೂ ಸುಮಾರಾಗಿ ಈ ಹೊತ್ತಿನಿಂದಲೇ: ಮೂಗಿನಲ್ಲಿ, ಒಸಡಿನಲ್ಲಿ, ಜಠರ ಮತ್ತು ಕರುಳಿನಲ್ಲಿ, ಕೆಲವೊಮ್ಮೆ ಕಫದ ಜೊತೆಯಲ್ಲಿ.

ಈ ವೈರಸ್‌ನ ಹತ್ತಿರದ ಸಂಬಂಧಿಗಳನ್ನು ನೋಡಿದರೆ ರಕ್ತಸ್ರಾವ ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ಸೈಬೀರಿಯದ ಓಮ್ಸ್ಕ್ ಜ್ವರ ಮತ್ತು ಸೌದಿ ಅರೇಬಿಯದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್‌ಖುರ್ಮಾ ಜ್ವರ ಎರಡೂ ರಕ್ತಸ್ರಾವ ಉಂಟುಮಾಡಬಲ್ಲವು. ಇದೇ ಕುಟುಂಬದ, ಯುರೋಪ್ ಮತ್ತು ರಷ್ಯದಲ್ಲಿ ಕಾಣುವ ಉಣುಗಿನ ಮೆದುಳು ಜ್ವರದ ವೈರಸ್ ಬಹುಮಟ್ಟಿಗೆ ನರಮಂಡಲವನ್ನೇ ಹಿಡಿಯುತ್ತದೆ. ಮಂಗನ ಕಾಯಿಲೆಯಲ್ಲಿ ಈ ಎರಡೂ ಗುಣಗಳಿವೆ, ಮತ್ತು ಅವು ಬೇರೆಬೇರೆ ವಾರಗಳಲ್ಲಿ ಪ್ರಕಟವಾಗುತ್ತವೆ.

ರಕ್ತ ನಿಲ್ಲಿಸುವ ವ್ಯವಸ್ಥೆ ಎಲ್ಲಿ ಸೋಲುತ್ತದೆ

ಆರೋಗ್ಯವಂತರ ದೇಹದಲ್ಲಿ ಸಣ್ಣಪುಟ್ಟ ರಕ್ತನಾಳಗಳು ದಿನವೂ ಬಿರಿಯುತ್ತಿರುತ್ತವೆ, ದಿನವೂ ಮುಚ್ಚಿಕೊಳ್ಳುತ್ತಿರುತ್ತವೆ. ಈ ಕೆಲಸಕ್ಕೆ ಮೂರು ಆಧಾರಗಳು ಬೇಕು. ಬಿರುಕಿಗೆ ಮೊದಲು ಹೋಗಿ ಅಂಟಿಕೊಳ್ಳುವ ಪ್ಲೇಟ್‌ಲೆಟ್‌ಗಳು, ಆ ಅಂಟನ್ನು ಗಟ್ಟಿ ಮಾಡುವ ಹೆಪ್ಪುಕಾರಕ ಪ್ರೋಟೀನುಗಳು, ಮತ್ತು ಸ್ವತಃ ರಕ್ತನಾಳದ ಒಳಪದರ. ಇವುಗಳಲ್ಲಿ ಒಂದು ದುರ್ಬಲವಾದರೆ ಉಳಿದೆರಡು ಸರಿದೂಗಿಸುತ್ತವೆ. ಮಂಗನ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಪ್ಲೇಟ್‌ಲೆಟ್ ಕಡಿಮೆಯಾದರೂ ರಕ್ತಸ್ರಾವ ಆಗದಿರುವುದಕ್ಕೆ ಇದೇ ಕಾರಣ. ಮೂರೂ ಒಟ್ಟಿಗೆ ಕುಸಿದವರಲ್ಲಿ ಮಾತ್ರ ಸ್ಥಿತಿ ಕೈಮೀರುತ್ತದೆ.

ಮೂರೂ ಕುಸಿಯುವುದು ಹೇಗೆ? ಸೋಂಕಿನ ಮೊದಲ ವಾರದಲ್ಲಿ ರಕ್ತದಲ್ಲಿ ವೈರಸ್‌ನ ಪ್ರಮಾಣ ಬಹಳ ಹೆಚ್ಚಿರುತ್ತದೆ. ಕೆಲವರಲ್ಲಿ ಅದು 12 ದಿನಗಳವರೆಗೂ ಉಳಿಯುವುದುಂಟು. ಇಂಥ ಸೋಂಕಿನಲ್ಲಿ ಅಸ್ಥಿಮಜ್ಜೆಯ ಉತ್ಪಾದನೆ ಕುಗ್ಗುವುದರಿಂದ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಒಟ್ಟಿಗೇ ಇಳಿಯುತ್ತವೆ. ವಿಪರೀತವಾಗಿ ಕೆರಳಿದ ರೋಗನಿರೋಧಕ ಕೋಶಗಳು ದೇಹದ್ದೇ ರಕ್ತಕಣಗಳನ್ನು ನುಂಗತೊಡಗಿದರೆ ಇಳಿಕೆ ಇನ್ನೂ ತೀವ್ರವಾಗುತ್ತದೆ. ಯಕೃತ್ತಿಗೆ ಪೆಟ್ಟು ಬೀಳುತ್ತದೆ, ಅದರ ಕಿಣ್ವಗಳು ರಕ್ತದಲ್ಲಿ ಏರುತ್ತವೆ. ಹೆಪ್ಪುಕಾರಕ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲೇ ಆದ್ದರಿಂದ ಎರಡನೆಯ ಆಧಾರವೂ ಸಡಿಲವಾಗುತ್ತದೆ. ಉರಿಯೂತದ ರಾಸಾಯನಿಕಗಳು ರಕ್ತನಾಳದ ಒಳಪದರವನ್ನು ಸೋರುವಂತೆ ಮಾಡುತ್ತವೆ. ಅತಿ ಕಷ್ಟದ ಸಂದರ್ಭಗಳಲ್ಲಿ ದೇಹದೆಲ್ಲೆಡೆ ಸಣ್ಣ ಹೆಪ್ಪುಗಳು ಕಟ್ಟಿಕೊಂಡು, ಇದ್ದ ಪ್ಲೇಟ್‌ಲೆಟ್ ಮತ್ತು ಪ್ರೋಟೀನುಗಳೆಲ್ಲ ಅದಕ್ಕೇ ಖರ್ಚಾಗಿ, ನಿಜವಾಗಿ ಬೇಕಾದಲ್ಲಿ ಏನೂ ಉಳಿಯದ ಸ್ಥಿತಿ ಬರುತ್ತದೆ. ವೈದ್ಯರು ಇದನ್ನು ಡಿಐಸಿ ಎನ್ನುತ್ತಾರೆ.

ಜಠರ ಮತ್ತು ಕರುಳಿನ ರಕ್ತಸ್ರಾವವೇ ಏಕೆ ಹೆಚ್ಚು ಗಂಭೀರ ಎಂಬ ಪ್ರಶ್ನೆಗೂ ಭಾಗಶಃ ಉತ್ತರವಿದೆ. ಪ್ರಯೋಗಾಲಯದಲ್ಲಿ ಮಂಗಗಳಿಗೆ ಸೋಂಕು ತಗುಲಿಸಿ ನಡೆಸಿದ ಅಧ್ಯಯನಗಳಲ್ಲಿ ವೈರಸ್ ದುಗ್ಧಗ್ರಂಥಿಗಳಲ್ಲಿ ಮತ್ತು ಜೀರ್ಣಾಂಗಗಳಲ್ಲಿ ನೆಲೆಯೂರಿದ್ದು ಕಂಡುಬಂದಿದೆ. ಅಂದರೆ ಕರುಳು ಕೇವಲ ರಕ್ತ ಸೋರುವ ಜಾಗವಲ್ಲ, ವೈರಸ್ ದಾಳಿ ಮಾಡುವ ಜಾಗವೂ ಹೌದು. ಇದರ ಜೊತೆಗೆ ಊಟವಿಲ್ಲದೆ ಪದೇಪದೇ ವಾಂತಿಯಾಗುವ ರೋಗಿಯ ಜಠರದ ಒಳಪದರ ಮೊದಲೇ ಹುಣ್ಣಾಗಿರುತ್ತದೆ.

ನೋವು ನಿವಾರಕಗಳ ಪಾತ್ರ

ಇಲ್ಲಿಯವರೆಗೆ ಹೇಳಿದ್ದೆಲ್ಲ ವೈರಸ್ ಮಾಡುವ ಕೆಲಸ. ಮನುಷ್ಯರು ಮಾಡುವ ಕೆಲಸವೂ ಒಂದಿದೆ, ಮತ್ತು ಪೂರ್ಣವಾಗಿ ತಪ್ಪಿಸಬಹುದಾದ ಕಾರಣ ಅದೊಂದೇ ಆದ್ದರಿಂದ ಅದರ ಮೇಲೆ ಹೆಚ್ಚು ಒತ್ತು ಬೀಳಬೇಕು. ಮಂಗನ ಕಾಯಿಲೆಯ ಮೈಕೈ ನೋವು ಸಾಮಾನ್ಯ ಜ್ವರದ ನೋವಿನಂತಲ್ಲ. ಆ ನೋವಿನಲ್ಲಿ ರೋಗಿ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆ ತರಿಸಿ ನುಂಗುತ್ತಾನೆ, ಇಲ್ಲವೇ ಸೊಂಟಕ್ಕೊಂದು ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾನೆ. ಈ ಔಷಧಗಳು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುತ್ತವೆ, ಜೊತೆಗೆ ಜಠರದ ರಕ್ಷಣಾ ಪದರವನ್ನೂ ತೆಳುವಾಗಿಸುತ್ತವೆ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಉಳಿದ ಆಯುಷ್ಯವಿಡೀ, ಅಂದರೆ ಸುಮಾರು 7ರಿಂದ 10 ದಿನ, ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಯಿಲೆಯ ಅಪಾಯದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಜ್ವರದ ಮೊದಲ ದಿನ ನುಂಗಿದ ಒಂದು ಮಾತ್ರೆ ಆರನೆಯ ದಿನದ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುವುದು ಹೀಗೆ. ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನಿಂದ ಸ್ನಾಯುವಿನೊಳಗೇ ರಕ್ತ ಕಟ್ಟುವ ಸಂಭವವೂ ಇದೆ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಸಾಕು. ಯಕೃತ್ತು ಬಳಲಿರುವುದರಿಂದ ಅದನ್ನೂ ವೈದ್ಯರು ಹೇಳಿದ ಮಿತಿಯಲ್ಲೇ ತೆಗೆದುಕೊಳ್ಳಬೇಕು.

ಹೃದಯದ ತೊಂದರೆಗಾಗಿ ವರ್ಷಗಳಿಂದ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವ ಹಿರಿಯರ ವಿಷಯದಲ್ಲಿ ಇಷ್ಟು ಸರಳ ಉತ್ತರವಿಲ್ಲ. ನಿಲ್ಲಿಸಿದರೆ ಹೃದಯಕ್ಕೆ ಅಪಾಯ, ಮುಂದುವರಿಸಿದರೆ ರಕ್ತಸ್ರಾವದ ಅಪಾಯ. ಅವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಆದರೆ ಜ್ವರ ಬಂದ ದಿನವೇ ತಾವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆಂದು ವೈದ್ಯರಿಗೆ ತೋರಿಸಬೇಕು.

ಪ್ಲೇಟ್‌ಲೆಟ್ ಕೊಡಬೇಕೆ, ಕಾಯಬೇಕೆ

ಡೆಂಗಿಯ ವರ್ಷಗಳು ನಮಗೆಲ್ಲ ಪ್ಲೇಟ್‌ಲೆಟ್ ಲೆಕ್ಕವನ್ನು ಕಲಿಸಿವೆ. ಸಾಮಾನ್ಯ ಮಟ್ಟ ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಎಂಬುದು, ಅದು 50 ಸಾವಿರಕ್ಕೆ ಇಳಿದರೆ ಮನೆಮಂದಿ ಕಂಗಾಲಾಗುವುದು, 20 ಸಾವಿರವಾದರೆ ರಕ್ತನಿಧಿಗೆ ಓಡುವುದು ಈಗ ಪರಿಚಿತ. ಮಂಗನ ಕಾಯಿಲೆಯ ರೋಗಿಗಳ ವಿಷಯದಲ್ಲೂ ಇದೇ ಒತ್ತಡ ವೈದ್ಯರ ಮೇಲೆ ಬೀಳುತ್ತದೆ.

ಇಲ್ಲಿ ಎರಡು ನಿಲುವುಗಳಿವೆ. ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ, ರಕ್ತಸ್ರಾವ ಇರಲಿ ಇಲ್ಲದಿರಲಿ, ಪ್ಲೇಟ್‌ಲೆಟ್ ಕೊಡಬೇಕೆಂಬುದು ಒಂದು. ಮಲೆನಾಡಿನಂಥ ಕಡೆ ಇದಕ್ಕೆ ಬಲವಾದ ಸಮರ್ಥನೆಯೂ ಇದೆ: ರಕ್ತಸ್ರಾವ ಶುರುವಾದ ಮೇಲೆ ಪ್ಲೇಟ್‌ಲೆಟ್ ತರಿಸಲು ಹೊರಟರೆ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ರಕ್ತಸ್ರಾವ ಕಾಣಿಸಿಕೊಂಡಾಗ, ಶಸ್ತ್ರಚಿಕಿತ್ಸೆಯಂಥ ಅಗತ್ಯ ಬಂದಾಗ, ಅಥವಾ ಸಂಖ್ಯೆ 10 ಸಾವಿರದ ಆಸುಪಾಸಿಗೆ ಕುಸಿದಾಗ ಮಾತ್ರ ಕೊಡಬೇಕೆಂಬುದು ಇನ್ನೊಂದು ನಿಲುವು. ಪರೀಕ್ಷೆಗೆ ಒಳಗಾದ ಪುರಾವೆ ಈ ಎರಡನೆಯ ಕಡೆಗೆ ವಾಲುತ್ತದೆ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಡೆಂಗಿ ಪೀಡಿತ ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದು ಗಂಭೀರ ರಕ್ತಸ್ರಾವವಿಲ್ಲದ ರೋಗಿಗಳಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ. ಬದಲಿಗೆ ಅಡ್ಡಪರಿಣಾಮಗಳು ಹೆಚ್ಚಾದವು. ಡೆಂಗಿ ಮತ್ತು ಮಂಗನ ಕಾಯಿಲೆ ಒಂದೇ ಅಲ್ಲ, ಆದ್ದರಿಂದ ಈ ಫಲಿತಾಂಶವನ್ನು ಹಾಗೆಯೇ ಎತ್ತಿ ಇಲ್ಲಿಗೆ ಅಂಟಿಸಲಾಗದು. ಆದರೂ ಅದರ ಹಿಂದಿನ ತರ್ಕ ಇಲ್ಲಿಗೂ ಸಲ್ಲುತ್ತದೆ. ರಕ್ತ ಸೋರುತ್ತಿರುವುದು ಯಕೃತ್ತಿನ ಸೋಲಿನಿಂದಲೋ ನಾಳದ ಒಳಪದರದ ಹಾನಿಯಿಂದಲೋ ಆಗಿದ್ದರೆ ಪ್ಲೇಟ್‌ಲೆಟ್ ಚೀಲವೊಂದೇ ಅದನ್ನು ನಿಲ್ಲಿಸಲಾರದು. ಅಲ್ಲಿ ಪ್ಲಾಸ್ಮಾ ಬೇಕಾಗಬಹುದು, ಕೆಂಪು ರಕ್ತಕಣಗಳು ಬೇಕಾಗಬಹುದು. ಹೊರಗಿನಿಂದ ಕೊಟ್ಟ ಪ್ಲೇಟ್‌ಲೆಟ್‌ಗಳನ್ನೂ ಕೆರಳಿದ ದೇಹ ಬೇಗನೆ ಮುಗಿಸಿಬಿಡುತ್ತದೆ.

ದೂರದ ಸಮಸ್ಯೆಗೆ ಪರಿಹಾರ ಅನಗತ್ಯವಾಗಿ ಪ್ಲೇಟ್‌ಲೆಟ್ ಕೊಡುವುದಲ್ಲ. ಸಂಖ್ಯೆ ಇಳಿಯುತ್ತಿರುವ ರೋಗಿಯನ್ನು ರಕ್ತದ ಘಟಕಗಳು ಸಿಗುವ ಆಸ್ಪತ್ರೆಗೆ ಮೊದಲೇ ಸೇರಿಸುವುದು. ಒಂದೇ ದಿನದ ಸಂಖ್ಯೆಗಿಂತ ಇಳಿಕೆಯ ವೇಗ, ಯಕೃತ್ತಿನ ಕಿಣ್ವಗಳ ಏರಿಕೆ ಮತ್ತು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಈ ಮೂರನ್ನು ಒಟ್ಟಿಗೆ ನೋಡಿದಾಗಲೇ ರೋಗಿಯ ಸ್ಥಿತಿ ಅರ್ಥವಾಗುವುದು.

ಇಂಥದೇ ಇನ್ನೊಂದು ವಿವಾದ ಸ್ಟೀರಾಯ್ಡ್‌ಗಳದ್ದು. ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿದ್ದೇ ಕಾರಣವಾದರೆ ಅದನ್ನು ತಣಿಸುವ ಔಷಧ ಕೊಡಬೇಕೆಂದು ಕೆಲವರು ವಾದಿಸುತ್ತಾರೆ. ವೈರಸ್ ಇನ್ನೂ ರಕ್ತದಲ್ಲಿ ತುಂಬಿರುವಾಗ ತಡೆಯನ್ನೇ ಕುಗ್ಗಿಸುವುದು ಅಪಾಯಕಾರಿ ಎಂದು ಉಳಿದವರು ಹೇಳುತ್ತಾರೆ. ಮಂಗನ ಕಾಯಿಲೆಗೆ ಪ್ರಯೋಜನ ಸಾಬೀತಾದ ವೈರಸ್ ನಿರೋಧಕ ಔಷಧ ಇನ್ನೂ ಇಲ್ಲ.

ಕಣ್ಣಿಗೆ ಬೀಳದ ರಕ್ತ

ಮೂಗಿನಿಂದ ಇಳಿಯುವ ರಕ್ತ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಹೆದರುತ್ತಾರೆ, ಆದರೆ ಅದರಿಂದಲೇ ಜೀವ ಹೋಗುವುದು ಕಡಿಮೆ. ಜೀವಕ್ಕೆ ಎರವಾಗುವುದು ಒಳಗೇ ಸೋರುವ ರಕ್ತ. ಜಠರದಲ್ಲಿ ರಕ್ತ ಸೋರಿದರೆ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯಿಂದ ಕೂಡಿರುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುವುದರಿಂದ, ಗರ್ಭಿಣಿಯರಲ್ಲಿ ಮತ್ತು ರಕ್ತಹೀನತೆಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಈ ಲಕ್ಷಣ ಸುಲಭವಾಗಿ ತಪ್ಪಿಹೋಗುತ್ತದೆ. ಎಲೆಯಡಿಕೆ ಹಾಕುವವರ ಬಾಯಿ ಸದಾ ಕೆಂಪಾಗಿರುವುದರಿಂದ ಒಸಡಿನ ರಕ್ತ ಗಮನಕ್ಕೇ ಬರುವುದಿಲ್ಲ. ಮುಟ್ಟಿನ ರಕ್ತಸ್ರಾವ ಹೆಚ್ಚಾಗಿದೆಯೇ ಎಂದು ಮಹಿಳೆಯರನ್ನು ಕೇಳುವವರು ಕಡಿಮೆ, ಕೇಳದೆ ಹೇಳಿಕೊಳ್ಳುವವರು ಇನ್ನೂ ಕಡಿಮೆ. ಆಶಾ ಕಾರ್ಯಕರ್ತೆಯರು ಜ್ವರದ ಮನೆಗಳಿಗೆ ಭೇಟಿ ಕೊಡುವಾಗ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿದರೆ ಒಂದೆರಡು ದಿನ ಮೊದಲೇ ರೋಗಿ ಆಸ್ಪತ್ರೆ ಸೇರಬಹುದು.

ವೈದ್ಯರನ್ನೂ ದಾರಿ ತಪ್ಪಿಸಬಲ್ಲ ಸಂಗತಿಯೊಂದಿದೆ. ಒಳಗೆ ರಕ್ತ ಸೋರುತ್ತಿದ್ದರೆ ಸಾಮಾನ್ಯವಾಗಿ ನಾಡಿಬಡಿತ ವೇಗವಾಗುತ್ತದೆ, ಅದೇ ಮೊದಲ ಎಚ್ಚರಿಕೆ. ಆದರೆ ಜ್ವರವಿದ್ದರೂ ನಾಡಿ ನಿಧಾನವಾಗಿರುವುದು ಮತ್ತು ರಕ್ತದೊತ್ತಡ ಕಡಿಮೆ ಇರುವುದು ಮಂಗನ ಕಾಯಿಲೆಯದ್ದೇ ಲಕ್ಷಣಗಳು. ಹೀಗಾಗಿ ನಾಡಿ ಸಹಜವಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ, ಒತ್ತಡ ಕುಸಿದಿದ್ದು ಕಾಯಿಲೆಯ ಸ್ವಭಾವ ಎಂದು ಬಿಟ್ಟುಬಿಡುವಂತೆಯೂ ಇಲ್ಲ. ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಹಿಮೋಗ್ಲೋಬಿನ್ ದಿನದಿಂದ ದಿನಕ್ಕೆ ಇಳಿಯುವುದು, ಇವೇ ನಂಬಬಹುದಾದ ಸೂಚನೆಗಳು.

ಇಲಿಜ್ವರವೂ ಇದೇ ಸೀಮೆಯಲ್ಲಿ ಇದ್ದು, ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವವೂ ಆಗಬಹುದು. ಅದು ಬ್ಯಾಕ್ಟೀರಿಯಾದಿಂದ ಬರುವುದರಿಂದ ಸಕಾಲದ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಮಂಗನ ಕಾಯಿಲೆಯ ಪರೀಕ್ಷಾ ವರದಿ ಬರುವವರೆಗೆ ಇದರ ಸಾಧ್ಯತೆಯನ್ನು ಮರೆತರೆ, ಗುಣಪಡಿಸಬಹುದಾಗಿದ್ದ ರೋಗಿಯೂ ಕೈತಪ್ಪುತ್ತಾನೆ. ಪರೀಕ್ಷೆಯ ವಿಷಯದಲ್ಲೂ ಒಂದು ಮಾತು: ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ವೈರಸ್ಸನ್ನೇ ಹಿಡಿಯುತ್ತದೆ, ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಉಪಯೋಗಕ್ಕೆ ಬರುವುದು ತುಸು ತಡವಾಗಿ. ಒಮ್ಮೆ ನೆಗೆಟಿವ್ ಬಂದರೂ ಲಕ್ಷಣಗಳು ಹೊಂದುತ್ತಿದ್ದರೆ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಜ್ವರ ಬಿಟ್ಟು ಮತ್ತೆ ಬಂದಾಗ

ಶೇ 10ರಿಂದ 20ರಷ್ಟು ರೋಗಿಗಳಲ್ಲಿ ಒಂದೆರಡು ವಾರ ಜ್ವರವಿಲ್ಲದೆ ಕಳೆದ ಮೇಲೆ ಎರಡನೆಯ ಹಂತ ಶುರುವಾಗುತ್ತದೆ. ಈ ಬಾರಿ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಮನಸ್ಸಿನ ಗೊಂದಲ, ದೃಷ್ಟಿಯ ತೊಂದರೆ ಮುಖ್ಯವಾಗಿರುತ್ತವೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಮೆದುಳು ಮತ್ತು ಅದರ ಪೊರೆಯ ಉರಿಯೂತ. ಆದರೆ ಪ್ಲೇಟ್‌ಲೆಟ್ ಇನ್ನೂ ಚೇತರಿಸದ ರೋಗಿ ಹಠಾತ್ತನೆ ಪ್ರಜ್ಞೆ ತಪ್ಪಿದರೆ ಮೆದುಳಿನ ರಕ್ತಸ್ರಾವದ ಸಾಧ್ಯತೆಯನ್ನೂ ಸಿಟಿ ಸ್ಕ್ಯಾನ್‌ನಿಂದ ತಳ್ಳಿಹಾಕಿಕೊಳ್ಳಬೇಕು. ಬೆನ್ನುಹುರಿಯ ದ್ರವ ತೆಗೆಯುವ ಮುನ್ನ ಪ್ಲೇಟ್‌ಲೆಟ್ ಮತ್ತು ಹೆಪ್ಪುಗಟ್ಟುವ ಸಮಯವನ್ನು ನೋಡದಿದ್ದರೆ ಆ ಪರೀಕ್ಷೆಯೇ ಹೊಸ ರಕ್ತಸ್ರಾವಕ್ಕೆ ಕಾರಣವಾಗಬಹುದು.

ತಾಲ್ಲೂಕು ಆಸ್ಪತ್ರೆಯ ಮಿತಿ

ಪ್ಲೇಟ್‌ಲೆಟ್ ಚೀಲವನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸದಾ ಅಲುಗಾಡಿಸುತ್ತ ಇಡಬೇಕು; ಅಷ್ಟಾದರೂ ಸಾಮಾನ್ಯವಾಗಿ 5 ದಿನ ಮಾತ್ರ ಬಾಳುತ್ತದೆ. ರಕ್ತದ ಘಟಕಗಳನ್ನು ಬೇರ್ಪಡಿಸುವ ಸೌಲಭ್ಯವಿರುವ ರಕ್ತನಿಧಿ ಕೇಂದ್ರದಲ್ಲಿ ಮಾತ್ರ ಅದು ಸಿಗುತ್ತದೆ. ಹೀಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಮೊದಲೇ ಸಂಗ್ರಹಿಸಿಡುವುದು ಪ್ರಾಯೋಗಿಕವಲ್ಲ. ಗಂಭೀರ ರೋಗಿಗಳನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕಳುಹಿಸುವುದು ಇದರಿಂದಾಗಿಯೇ. ಎಲ್ಲರನ್ನೂ ಮೊದಲ ದಿನವೇ ಕಳುಹಿಸಬೇಕೆಂದು ಒತ್ತಾಯಿಸುವವರಿದ್ದಾರೆ. ಹಾಗೆ ಮಾಡಿದರೆ, ಹನಿದ್ರವ ಮತ್ತು ಪ್ಯಾರಾಸಿಟಮಾಲ್‌ನಿಂದಲೇ ಚೇತರಿಸುವ ಬಹುಸಂಖ್ಯಾತರು ದೊಡ್ಡ ಆಸ್ಪತ್ರೆಯ ಹಾಸಿಗೆಗಳನ್ನು ತುಂಬುತ್ತಾರೆ. ಕೂಲಿಯ ಮೇಲೆ ಬದುಕುವ ಕುಟುಂಬಗಳು ವಾರಗಟ್ಟಲೆ ದುಡಿಮೆ ಕಳೆದುಕೊಳ್ಳುತ್ತವೆ. ಜ್ವರದ ಮೂರನೆಯ ದಿನದಿಂದ ಹತ್ತನೆಯ ದಿನದವರೆಗೆ ಸ್ಥಳೀಯ ಆಸ್ಪತ್ರೆಯಲ್ಲೇ ದಿನವೂ ರಕ್ತ ಪರೀಕ್ಷೆ ಮಾಡಿ, ರಕ್ತಸ್ರಾವದ ಮೊದಲ ಸುಳಿವಿಗೆ ಅಥವಾ ವೇಗದ ಕುಸಿತಕ್ಕೆ ಆಂಬುಲೆನ್ಸ್ ಹೊರಡುವಂತೆ ಮಾಡುವುದೇ ಹೆಚ್ಚು ಸಮಂಜಸ. ಇದು ನಡೆಯಬೇಕಾದರೆ ಆಂಬುಲೆನ್ಸ್ ಖಚಿತವಾಗಿ ಸಿಗಬೇಕು. ಘಟ್ಟದ ಒಳಹಳ್ಳಿಗಳಲ್ಲಿ ಎಲ್ಲಕ್ಕಿಂತ ಕಷ್ಟದ ಷರತ್ತು ಅದೇ.

ರೋಗಿಯ ರಕ್ತ ಕಂಡು ದೂರ ಸರಿಯುವ ಭಯ ಮನೆಯವರಲ್ಲೂ ಕೆಲವೊಮ್ಮೆ ಸಿಬ್ಬಂದಿಯಲ್ಲೂ ಇರುತ್ತದೆ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್–ಕಾಂಗೋ ಜ್ವರವೂ ಉಣುಗಿನಿಂದ ಬರುವಂಥದೇ, ಅದು ರೋಗಿಯ ರಕ್ತದಿಂದ ಆರೈಕೆ ಮಾಡುವವರಿಗೆ ಹರಡುತ್ತದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ದಾಖಲಾಗಿಲ್ಲ. ಪ್ರಯೋಗಾಲಯದಲ್ಲಿ ಈ ವೈರಸ್ಸಿನೊಂದಿಗೆ ಕೆಲಸ ಮಾಡುವವರಿಗೆ ಸೋಂಕು ತಗುಲಿದ ಉದಾಹರಣೆಗಳಿರುವುದರಿಂದ ಕೈಗವಸು ಮತ್ತು ಸೂಜಿಯ ಎಚ್ಚರಿಕೆ ಅಗತ್ಯ. ರೋಗಿಯನ್ನು ಒಂಟಿಯಾಗಿಸುವ ಅಗತ್ಯ ಇಲ್ಲ.

ಲಸಿಕೆ ಇಲ್ಲದ ವರ್ಷಗಳು

1990ರಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆಯ ರಕ್ಷಣೆ ಎರಡು ಡೋಸ್‌ಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ಎಂದು ಕರ್ನಾಟಕದ 2005–2010ರ ಮಾಹಿತಿ ಆಧರಿಸಿದ ವಿಶ್ಲೇಷಣೆ ಲೆಕ್ಕ ಹಾಕಿತ್ತು. ನೋವಿನ ಚುಚ್ಚುಮದ್ದು, ಮತ್ತೆಮತ್ತೆ ಬೂಸ್ಟರ್ ಎಂಬ ಕಾರಣಕ್ಕೆ ಜನ ಅರ್ಧಕ್ಕೇ ಬಿಡುತ್ತಿದ್ದರು. 2022ರಲ್ಲಿ ಅದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇಂಡಿಯನ್ ಇಮ್ಯುನೋಲಾಜಿಕಲ್ಸ್ ಸೇರಿ ಹೊಸ ಲಸಿಕೆಯನ್ನು ರೂಪಿಸುತ್ತಿವೆ. ಅದು ಕೈಸೇರುವವರೆಗೆ ಕಾಡಿಗೆ ಹೋಗುವ ಮುನ್ನ ಹಚ್ಚಿಕೊಳ್ಳುವ ಡೇಪಾ ತೈಲ, ಮೈ ಮುಚ್ಚುವ ಬಟ್ಟೆ ಮತ್ತು ಮಂಗ ಸತ್ತ ಸುದ್ದಿಯನ್ನು ತಕ್ಷಣ ತಿಳಿಸುವುದಷ್ಟೇ ತಡೆಯ ದಾರಿಗಳು. ಈ ನಡುವೆ ಕಾಯಿಲೆ ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಹೊಸ ಜಾಗಕ್ಕೆ ಹೋದಂತೆಲ್ಲ ಇದನ್ನು ಹಿಂದೆಂದೂ ನೋಡಿರದ ವೈದ್ಯರ ಮುಂದೆ ರೋಗಿ ನಿಲ್ಲುತ್ತಾನೆ.

ಹೊಸ ಲಸಿಕೆಯ ಪ್ರಯೋಗ ಯಶಸ್ವಿಯಾದರೂ ರಕ್ತಸ್ರಾವದ ಪ್ರಶ್ನೆಗೆ ಅದರಿಂದ ನೇರ ಉತ್ತರ ಸಿಗಲಾರದು. ಕೆಲವೇ ರೋಗಿಗಳಲ್ಲಿ ಆಗುವ ತೊಡಕು ಎಷ್ಟು ತಗ್ಗಿತೆಂದು ಅಳೆಯಲು ಯಾವ ಪ್ರಯೋಗದಲ್ಲೂ ಸಾಕಷ್ಟು ಜನ ಇರುವುದಿಲ್ಲ. ಯಾವ ದಿನ, ಎಲ್ಲಿಂದ, ಎಷ್ಟು ರಕ್ತ ಹೋಯಿತು, ಆಗ ಪ್ಲೇಟ್‌ಲೆಟ್ ಎಷ್ಟಿತ್ತು, ಅದಕ್ಕೂ ಮೊದಲು ರೋಗಿ ಯಾವ ಮಾತ್ರೆ ನುಂಗಿದ್ದ ಎಂಬುದನ್ನು ಐದೂ ರಾಜ್ಯಗಳ ಆಸ್ಪತ್ರೆಗಳು ಒಂದೇ ನಮೂನೆಯಲ್ಲಿ ಬರೆದಿಟ್ಟರೆ, ನಾಲ್ಕೈದು ಋತುಗಳಲ್ಲಿ ಪ್ಲೇಟ್‌ಲೆಟ್ ಮತ್ತು ಸ್ಟೀರಾಯ್ಡ್ ಕುರಿತ ಎರಡೂ ವಿವಾದಗಳನ್ನು ಊಹೆಯ ಬದಲು ಲೆಕ್ಕದ ಮೇಲೆ ಚರ್ಚಿಸಲು ಸಾಧ್ಯವಾಗುತ್ತದೆ.